ಕಂಪನಿ ಬಿಡಿಭಾಗಗಳಿಂದ ಹಳೆಯ ಎಸ್‌ಯುವಿಯನ್ನು ಎತ್ತರಿಸುವುದು

ಫೋರ್‌ವೀಲ್ ಡ್ರೈವ್ ವಾಹನದ ಮೈಯನ್ನು ಚಕ್ರಗಳ ಮಟ್ಟದಿಂದ ಇನ್ನಷ್ಟು ಮೇಲಕ್ಕೆತ್ತಲು ಮಾರುಕಟ್ಟೆಯ ಲಿಫ್ಟ್ ಕಿಟ್ ಕೊಳ್ಳದೆ, ವಾಹನ ತಯಾರಕರೇ ಬೇರೊಂದು ಮಾದರಿಗೆಂದು ಮಾಡಿದ ಕಾಯಿಲ್ ಸ್ಪ್ರಿಂಗ್, ಕಮಾನು ಪಟ್ಟಿ ಮುಂತಾದವನ್ನು ಅಳವಡಿಸುವ, ಇಲ್ಲವೇ ವಾಹನದಲ್ಲಿ ಮೊದಲೇ ಇರುವ ಭಾಗಗಳನ್ನು ಮರುಹೊಂದಿಸುವ ಪದ್ಧತಿ. 1980 ಮತ್ತು 1990ರ ದಶಕಗಳ ಜೀಪ್ ಚೆರೋಕಿ, ಟೊಯೋಟಾ ಫೋರ್‌ರನ್ನರ್, ಲ್ಯಾಂಡ್ ರೋವರ್ ಡಿಸ್ಕವರಿ, ಮಿತ್ಸುಬಿಷಿ ಪಜೆರೋ, ಸುಜುಕಿ ಸಮುರಾಯ್‌ಗಳ ಒಡೆಯರಲ್ಲಿ ಇದು ಹೆಚ್ಚು ಬಳಕೆಯಲ್ಲಿದೆ. ಸುಜುಕಿಯ ಒಂದು ವಿಧಾನವನ್ನು ಬಿಟ್ಟರೆ ಸಾಮಾನ್ಯವಾಗಿ ಸಿಗುವ ಎತ್ತರ 1ರಿಂದ 2.5 ಇಂಚು, ಅಂದರೆ 25ರಿಂದ 65 ಮಿ.ಮೀ.

ಈ ಎತ್ತರ ಎಲ್ಲಿಂದ ಬರುತ್ತದೆ ಎಂಬುದರಲ್ಲೇ ಪದ್ಧತಿಯ ಗುಟ್ಟಿದೆ. ಕಾರ್ಖಾನೆ ಒಂದೇ ಚಾಸಿಯ ಮೇಲೆ ಹಲವು ವಾಹನಗಳನ್ನು ಕಟ್ಟುತ್ತದೆ. ಒಂದಕ್ಕೆ ನಾಲ್ಕು ಸಿಲಿಂಡರ್ ಎಂಜಿನ್, ಇನ್ನೊಂದಕ್ಕೆ ಎಂಟು. ಒಂದು ಪೆಟ್ರೋಲ್, ಇನ್ನೊಂದು ಭಾರದ ಡೀಸೆಲ್. ಒಂದು ಬರೀ ಊರೊಳಗೆ ಓಡಾಡುವುದಕ್ಕೆ, ಇನ್ನೊಂದು ಟ್ರೈಲರ್ ಎಳೆಯುವುದಕ್ಕೆ. ಭಾರ ಬೇರೆಯಾದರೂ ಎಲ್ಲವೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲಬೇಕು. ಹಾಗಾಗಿ ಭಾರದ ಮಾದರಿಗೆ ಗಟ್ಟಿಯಾದ ಇಲ್ಲವೇ ಉದ್ದನೆಯ ಸ್ಪ್ರಿಂಗ್ ಹಾಕುತ್ತಾರೆ. ಅದೇ ಸ್ಪ್ರಿಂಗನ್ನು ಹಗುರ ಮಾದರಿಗೆ ಹಾಕಿದರೆ ಅದು ಮೊದಲಿನಷ್ಟು ಕುಗ್ಗುವುದಿಲ್ಲ. ಕುಗ್ಗದೆ ಉಳಿದದ್ದೇ ಎತ್ತರ. ಇಲ್ಲದ ಭಾರದ ಲೆಕ್ಕದಲ್ಲಿ ಸಿಕ್ಕ ಎತ್ತರವಾದ್ದರಿಂದ ಅದಕ್ಕೆ ಮಿತಿಯೂ ಇದೆ. ಯಾವ ಕಾರ್ಖಾನೆಯೂ ತನ್ನ ಎರಡು ಮಾದರಿಗಳ ನಡುವೆ ನಾಲ್ಕೈದು ಇಂಚಿನ ವ್ಯತ್ಯಾಸ ಬರುವಷ್ಟು ಭಾರ ಹೇರಿರುವುದಿಲ್ಲ. ಈ ಮಿತಿಯನ್ನು ಕೊರತೆಯೆಂದು ಕಾಣುವವರೇ ಹೆಚ್ಚು. ಆದರೆ ಸ್ಟೀರಿಂಗ್, ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟ್‌ಗಳು ತಡೆದುಕೊಳ್ಳುವ ಮಿತಿಯೂ ಬಹುಮಟ್ಟಿಗೆ ಅಷ್ಟೇ ಆಗಿರುವುದನ್ನು ನೋಡಿದರೆ ಅದನ್ನು ಅನುಕೂಲವೆಂದೇ ಎಣಿಸಬೇಕಾಗುತ್ತದೆ.

ಏರುವುದು ಯಾವುದು, ಏರದಿರುವುದು ಯಾವುದು

ಸ್ಪ್ರಿಂಗ್ ಬದಲಿಸಿದರೆ ಏರುವುದು ಸ್ಪ್ರಿಂಗಿನ ಮೇಲಿರುವ ಭಾಗ ಮಾತ್ರ: ಮೈ, ಎಂಜಿನ್, ಗೇರ್‌ಬಾಕ್ಸ್, ಇಂಧನ ಟ್ಯಾಂಕ್. ಇಡೀ ಅಡ್ಡ ಆಕ್ಸಲ್ ಇರುವ ವಾಹನದಲ್ಲಿ ಡಿಫರೆನ್ಷಿಯಲ್ ಹೌಸಿಂಗ್ ಮೊದಲಿದ್ದ ಜಾಗದಲ್ಲೇ ಇರುತ್ತದೆ. ನಡುದಾರಿಯ ಕಲ್ಲಿಗೆ ಮೊದಲು ತಾಗುವುದು ಸಾಮಾನ್ಯವಾಗಿ ಅದೇ. ಅದನ್ನು ಏರಿಸುವ ಸಾಮಾನ್ಯ ದಾರಿ ದೊಡ್ಡ ಟೈರು. ಮೈ ಏರಿದ್ದರ ಲಾಭ ಬೇರೆ ಕಡೆ ಸಿಗುತ್ತದೆ. ಮುಂದಿನ ಬಂಪರ್ ದಿಬ್ಬಕ್ಕೆ ತಾಗದೆ ಹತ್ತುವ ಕೋನ, ಹಿಂಬದಿ ತಾಗದೆ ಇಳಿಯುವ ಕೋನ, ಹೊಟ್ಟೆ ತಾಗದೆ ದಿಣ್ಣೆ ದಾಟುವ ಕೋನ, ಮೂರೂ ಹೆಚ್ಚುತ್ತವೆ. ದೊಡ್ಡ ಟೈರಿಗೆ ಮಡ್‌ಗಾರ್ಡಿನೊಳಗೆ ಜಾಗವೂ ಆಗುತ್ತದೆ.

ಜೀಪ್ ಚೆರೋಕಿಯ 225/75 ಆರ್ 15 ಟೈರಿನ ವ್ಯಾಸ ಸುಮಾರು 719 ಮಿ.ಮೀ. ಅದರ ಬದಲು 30 ಇಂಚಿನ ಟೈರು ಹಾಕಿದರೆ ವ್ಯಾಸ 762 ಆಗಿ, ಡಿಫರೆನ್ಷಿಯಲ್ 22 ಮಿ.ಮೀ. ಮೇಲೇರುತ್ತದೆ. ಇದಕ್ಕೂ ಬೆಲೆ ತೆರಬೇಕು. ಟೈರು ಶೇ. 6ರಷ್ಟು ದೊಡ್ಡದಾದರೆ ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 63.6 ಇರುತ್ತದೆ, ಮತ್ತು 3.55ರ ಆಕ್ಸಲ್ ಅನುಪಾತ 3.35ಕ್ಕೆ ಇಳಿದಂತೆ ಎಳೆತ ಕುಗ್ಗುತ್ತದೆ. ಸ್ಪೀಡೋಮೀಟರಿನ ತಪ್ಪನ್ನು ತಿದ್ದಲು ಚೆರೋಕಿಯಲ್ಲಿ ಕಂಪನಿ ಪಾರ್ಟೇ ಸಿಗುತ್ತದೆ. ಟ್ರಾನ್ಸ್‌ಫರ್ ಕೇಸಿನ ಬಾಲದಲ್ಲಿರುವ ಪ್ಲಾಸ್ಟಿಕ್ ಸ್ಪೀಡೋಮೀಟರ್ ಗೇರನ್ನು ಬೇರೆ ಸಂಖ್ಯೆಯ ಹಲ್ಲುಗಳಿರುವ ಗೇರಿಗೆ ಬದಲಿಸಿದರಾಯಿತು. ಎಳೆತ ಮರಳಿ ಬರಬೇಕಾದರೆ ಮಾತ್ರ ಕ್ರೌನ್ ಮತ್ತು ಪಿನಿಯನ್ ಬದಲಿಸಬೇಕು. ಆ ಖರ್ಚು ಇಡೀ ಎತ್ತರಿಸುವ ಕೆಲಸದ ಖರ್ಚನ್ನು ಮೀರಬಲ್ಲದು.

ಸ್ಪ್ರಿಂಗಿನ ಲೆಕ್ಕ

ಸ್ಪ್ರಿಂಗಿಗೆ ಎರಡು ಗುಣಗಳು ಮುಖ್ಯ. ಭಾರವಿಲ್ಲದಾಗಿನ ಉದ್ದ ಒಂದು; ಒಂದು ಮಿ.ಮೀ. ಕುಗ್ಗಿಸಲು ಬೇಕಾದ ಬಲ, ಅಂದರೆ ಗಡಸು, ಇನ್ನೊಂದು. ಮುಂದಿನ ಒಂದು ಚಕ್ರದ ಸ್ಪ್ರಿಂಗಿನ ಮೇಲೆ 4,500 ನ್ಯೂಟನ್ ಭಾರವಿದೆ ಎಂದಿಟ್ಟುಕೊಳ್ಳೋಣ. ಸ್ಪ್ರಿಂಗಿನ ಗಡಸು ಮಿ.ಮೀ.ಗೆ 30 ನ್ಯೂಟನ್ ಇದ್ದರೆ ಅದು 150 ಮಿ.ಮೀ. ಕುಗ್ಗುತ್ತದೆ. ಅಷ್ಟೇ ಉದ್ದದ, 35 ನ್ಯೂಟನ್ ಗಡಸಿನ ಸ್ಪ್ರಿಂಗ್ ಹಾಕಿದರೆ 129 ಮಿ.ಮೀ. ಕುಗ್ಗುತ್ತದೆ. ಸಿಕ್ಕ ಎತ್ತರ 21 ಮಿ.ಮೀ. ಹೊಸ ಸ್ಪ್ರಿಂಗ್ ಬಿಡಿಯಾಗಿರುವಾಗ 15 ಮಿ.ಮೀ. ಉದ್ದವೂ ಇದ್ದರೆ ಒಟ್ಟು 36. ಗಡಸಿನಿಂದ ಬಂದ ಎತ್ತರಕ್ಕೆ ಸವಾರಿಯ ಒರಟುತನ ಜೊತೆಗೇ ಬರುತ್ತದೆ, ಉದ್ದದಿಂದ ಬಂದದ್ದಕ್ಕೆ ಅಷ್ಟಾಗಿ ಬರುವುದಿಲ್ಲ. ಬಿಡಿಭಾಗದ ಸಂಖ್ಯೆ ಹುಡುಕುವವರು ಬರೀ ಎಷ್ಟು ಇಂಚು ಎಂದು ಕೇಳದೆ ಈ ಎರಡನ್ನೂ ಬೇರೆಬೇರೆಯಾಗಿ ವಿಚಾರಿಸುವುದು ಇದಕ್ಕಾಗಿಯೇ.

ಇಡೀ ಆಕ್ಸಲ್ ಇರುವ ವಾಹನದಲ್ಲಿ ಸ್ಪ್ರಿಂಗ್ ಆಕ್ಸಲ್ ಮೇಲೆಯೇ ಕೂತಿರುವುದರಿಂದ ಸ್ಪ್ರಿಂಗಿನಲ್ಲಿ ಗಳಿಸಿದ್ದು ಹೆಚ್ಚು ಕಡಿಮೆ ಹಾಗೆಯೇ ಎತ್ತರವಾಗುತ್ತದೆ. ಎರಡೂ ಚಕ್ರಗಳು ಬೇರೆಬೇರೆಯಾಗಿ ಆಡುವ ಡಬಲ್ ವಿಶ್‌ಬೋನ್ ವ್ಯವಸ್ಥೆಯಲ್ಲಿ ಸ್ಪ್ರಿಂಗಿನ ಬುಡ ಕೆಳತೋಳಿನ ನಡುಭಾಗದಲ್ಲಿರುತ್ತದೆ, ಚಕ್ರ ತೋಳಿನ ತುದಿಯಲ್ಲಿರುತ್ತದೆ. ಅಲ್ಲಿ ಒಂದು ಇಂಚಿನ ಬದಲಾವಣೆ ಚಕ್ರದ ಬಳಿ ಎರಡು ಇಂಚಿನಷ್ಟಾಗಬಹುದು. ಇದನ್ನು ಮರೆತು ದಪ್ಪ ಸ್ಪೇಸರ್ ಇಟ್ಟವರ ವಾಹನಗಳ ಬಾಲ್ ಜಾಯಿಂಟುಗಳು ಬೇಗ ಕೈಕೊಡುತ್ತವೆ.

ಹಳೆಯ ವಾಹನದ ಮಟ್ಟಿಗೆ ಇನ್ನೊಂದು ಮಾತಿದೆ. ಇಪ್ಪತ್ತು ಮೂವತ್ತು ವರ್ಷ ಭಾರ ಹೊತ್ತ ಸ್ಪ್ರಿಂಗುಗಳು, ಅದರಲ್ಲೂ ಕಮಾನು ಪಟ್ಟಿಗಳು, ಮೂಲ ಎತ್ತರವನ್ನು ಉಳಿಸಿಕೊಂಡಿರುವುದಿಲ್ಲ. ಹೊಸ ಸ್ಪ್ರಿಂಗ್ ಹಾಕಿ ಎರಡು ಇಂಚು ಏರಿತೆಂದು ಹಿಗ್ಗುವವರಲ್ಲಿ ಹಲವರು ಪಡೆದದ್ದು ಅರ್ಧ ಹೊಸ ಎತ್ತರ, ಅರ್ಧ ಕಳೆದುಕೊಂಡಿದ್ದ ಎತ್ತರ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮುನ್ನ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದಿಡಬೇಕು. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿಯ ಒತ್ತಡಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ.

ಜೀಪ್ ಚೆರೋಕಿ ಎಕ್ಸ್‌ಜೆ

ಈ ಪದ್ಧತಿ ಅತಿ ಹೆಚ್ಚು ಬೆಳೆದದ್ದು ಎಕ್ಸ್‌ಜೆ ಎಂಬ ಸಂಕೇತದ ಜೀಪ್ ಚೆರೋಕಿಯ ಸುತ್ತ. ಅಮೆರಿಕನ್ ಮೋಟರ್ಸ್ ಕಂಪನಿ 1984ರ ಮಾದರಿಯಾಗಿ ಇದನ್ನು ಹೊರತಂದಿತು. ಆ ಕಂಪನಿಯನ್ನು ಕ್ರೈಸ್ಲರ್ 1987ರಲ್ಲಿ ಕೊಂಡ ಮೇಲೂ ತಯಾರಿಕೆ ಮುಂದುವರಿದು, ಅಮೆರಿಕದಲ್ಲಿ 2001ರಲ್ಲಿ ಓಹಾಯೊದ ಟೊಲೀಡೊ ಕಾರ್ಖಾನೆಯಲ್ಲಿ ನಿಂತಿತು. ಅಷ್ಟರಲ್ಲಿ 28 ಲಕ್ಷಕ್ಕೂ ಹೆಚ್ಚು ವಾಹನಗಳು ಹೊರಬಿದ್ದಿದ್ದವು. ಅಗ್ಗದ ಬಿಡಿಭಾಗಗಳ ಮೂಲ ಅಲ್ಲೇ ಇದೆ: ಅಮೆರಿಕದ ಗುಜರಿ ಅಂಗಳಗಳಲ್ಲಿ ಎಕ್ಸ್‌ಜೆ ಮತ್ತು ಅದರ ಬಂಧುಗಳಿಗೆ ಬರವಿರಲಿಲ್ಲ. ಈ ವಾಹನಕ್ಕೆ ಪ್ರತ್ಯೇಕ ಚಾಸಿಯಿಲ್ಲ, ಮೈಗೇ ಬೆಸೆದ ಚೌಕಟ್ಟಿದೆ. ಮುಂದೆ ಡೇನಾ 30 ಆಕ್ಸಲ್, ಕಾಯಿಲ್ ಸ್ಪ್ರಿಂಗ್, ನಾಲ್ಕು ತೋಳು ಮತ್ತು ಅಡ್ಡಲಾಗಿ ಒಂದು ಟ್ರ್ಯಾಕ್ ಬಾರ್. ಹಿಂದೆ ಆಕ್ಸಲ್ ಮೇಲೆ ಕೂತ ಕಮಾನು ಪಟ್ಟಿಗಳು.

ಕಾರ್ಖಾನೆಯೇ ಕೊಡುತ್ತಿದ್ದ ಎತ್ತರವೂ ಒಂದಿತ್ತು. ಅಪ್‌ಕಂಟ್ರಿ ಎಂಬ ಐಚ್ಛಿಕ ಪ್ಯಾಕೇಜ್ ತೆಗೆದುಕೊಂಡರೆ ಗಟ್ಟಿ ಸ್ಪ್ರಿಂಗ್, ಗ್ಯಾಸ್ ಶಾಕ್ ಅಬ್ಸಾರ್ಬರ್, ತಳಕ್ಕೆ ರಕ್ಷಣೆಯ ತಗಡುಗಳು ಬರುತ್ತಿದ್ದವು. ವಾಹನ ಸುಮಾರು ಒಂದು ಇಂಚು ಎತ್ತರದಲ್ಲಿ ನಿಲ್ಲುತ್ತಿತ್ತು. ಸಾಮಾನ್ಯ ಎಕ್ಸ್‌ಜೆಯ ಒಡೆಯನಿಗೆ ಇದು ಅತ್ಯಂತ ನೇರವಾದ ದಾರಿ. ಅದೇ ವಾಹನಕ್ಕೆಂದು ಅದೇ ತಯಾರಕರು ಹೊಂದಿಸಿದ ಭಾಗಗಳಾದ್ದರಿಂದ ಬೇರೇನನ್ನೂ ಮುಟ್ಟಬೇಕಾಗುವುದಿಲ್ಲ.

ಇನ್ನೂ ಸ್ವಲ್ಪ ಬೇಕೆಂದವರು ಮುಂಭಾಗಕ್ಕೆ ಹುಡುಕುವುದು 1993ರಿಂದ 1998ರವರೆಗಿನ ಗ್ರ್ಯಾಂಡ್ ಚೆರೋಕಿ, ಅಂದರೆ ಜೆಡ್‌ಜೆಯ ಸ್ಪ್ರಿಂಗನ್ನು. ಎರಡೂ ವಾಹನಗಳ ಮುಂದಿನ ಸ್ಪ್ರಿಂಗ್ ಕೂರುವ ಬಟ್ಟಲು ಒಂದೇ ಅಳತೆಯದು. ಜೆಡ್‌ಜೆಗೆ 5.2 ಲೀಟರಿನ ಎಂಟು ಸಿಲಿಂಡರ್ ಎಂಜಿನ್ನೂ ಬರುತ್ತಿದ್ದುದರಿಂದ ಅದರ ಸ್ಪ್ರಿಂಗ್ ಹೆಚ್ಚು ಭಾರಕ್ಕೆ ಸಿದ್ಧವಾಗಿರುತ್ತದೆ. ಆರು ಸಿಲಿಂಡರಿನ ಎಕ್ಸ್‌ಜೆಯಲ್ಲಿ ಅದು ಒಂದು ಇಂಚಿನ ಆಸುಪಾಸು, ಕೆಲವೊಮ್ಮೆ ಸ್ವಲ್ಪ ಹೆಚ್ಚೇ, ಎತ್ತರ ಕೊಡುತ್ತದೆ. ಸ್ಪ್ರಿಂಗಿನ ತಲೆಯ ಮೇಲಿರುವ ರಬ್ಬರ್ ಐಸೊಲೇಟರನ್ನು ಒಂದರ ಮೇಲೊಂದರಂತೆ ಎರಡು ಇಡುವ ರೂಢಿಯೂ ಇದೆ. ಇದರಿಂದ ಸಿಗುವುದು ಇಂಚಿಗೂ ಕಡಿಮೆ. ಮುಂದಿನ ಸ್ಪ್ರಿಂಗ್ ಬದಲಿಸಲು ಎಕ್ಸ್‌ಜೆಯಲ್ಲಿ ಬಹುಪಾಲು ಸ್ಪ್ರಿಂಗ್ ಕಂಪ್ರೆಸರ್ ಬೇಡ. ಮೈಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಶಾಕ್ ಅಬ್ಸಾರ್ಬರ್ ಮತ್ತು ಸ್ವೇ ಬಾರ್ ಲಿಂಕ್ ಬಿಚ್ಚಿ, ಆಕ್ಸಲನ್ನು ಜ್ಯಾಕ್ ಮೇಲೆ ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗುತ್ತದೆ. ಬ್ರೇಕ್ ಹೋಸ್ ಎಳೆಯದಂತೆ ಕಣ್ಣಿಟ್ಟಿರಬೇಕು ಅಷ್ಟೆ.

ಹಿಂಭಾಗದ ಕಥೆ ಇನ್ನೂ ಸ್ವಾರಸ್ಯದ್ದು. ಎಕ್ಸ್‌ಜೆಯ ಕಮಾನು ಪಟ್ಟಿಯ ಅಗಲ ಎರಡೂವರೆ ಇಂಚು. ಷೆವರ್ಲೆ ಕಂಪನಿಯ ಎಸ್-10 ಎಂಬ ಸಣ್ಣ ಪಿಕಪ್ಪಿನ ಪಟ್ಟಿಯೂ ಅಷ್ಟೇ ಅಗಲ. ಎರಡು ಪ್ರತಿಸ್ಪರ್ಧಿ ಕಂಪನಿಗಳ ಈ ಹೊಂದಾಣಿಕೆಯ ಲಾಭ ಪಡೆದು, ಎಸ್-10ರ ಮುಖ್ಯ ಪಟ್ಟಿಯ ಎರಡೂ ತುದಿಯ ಕಣ್ಣುಗಳನ್ನು ಕತ್ತರಿಸಿ, ಅದನ್ನು ಎಕ್ಸ್‌ಜೆಯ ಮುಖ್ಯ ಪಟ್ಟಿಯ ಕೆಳಗೆ ಸೇರಿಸಿ ಕಟ್ಟು ಕಟ್ಟುತ್ತಾರೆ. ಡಾಡ್ಜ್ ಡಕೋಟಾ ಪಿಕಪ್ಪಿನ ಪಟ್ಟಿಗಳನ್ನೂ ಹೀಗೇ ಬಳಸುವುದುಂಟು. ಎಷ್ಟು ಪಟ್ಟಿ ಸೇರಿಸಿದರು, ಅವುಗಳ ಬಾಗು ಎಷ್ಟು ಎಂಬುದರ ಮೇಲೆ ಎತ್ತರ ನಿಂತಿರುತ್ತದೆ. ಎರಡು ಕಂಪನಿಗಳ ಪಟ್ಟಿ ಬೆರೆತ ಇಂಥ ಕಟ್ಟಿಗೆ ಅಮೆರಿಕನ್ನರು ಇಟ್ಟಿರುವ ಹೆಸರು ಸಭ್ಯವಾದದ್ದಲ್ಲ.

ಪಟ್ಟಿ ಸೇರಿಸುವಾಗ ಗಮನಿಸಬೇಕಾದದ್ದು ಬಾಗಿನ ಹೊಂದಾಣಿಕೆ. ಮೇಲಿನ ಪಟ್ಟಿಗಿಂತ ಕೆಳಗಿನದು ಸ್ವಲ್ಪ ಹೆಚ್ಚು ಬಾಗಿದ್ದು, ಕಟ್ಟಿದಾಗ ತುದಿಗಳು ಒತ್ತಿ ಕೂರಬೇಕು. ಬಾಗು ಕಡಿಮೆಯಿದ್ದರೆ ನಡುವೆ ಸಂದು ಬಿದ್ದು ಭಾರವೆಲ್ಲ ಮುಖ್ಯ ಪಟ್ಟಿಯ ಮೇಲೆ ಬೀಳುತ್ತದೆ, ಅದು ಒಂದು ದಿನ ಮುರಿಯುತ್ತದೆ. ಸೆಂಟರ್ ಬೋಲ್ಟ್ ಹೊಸದಾಗಿರಬೇಕು, ದಪ್ಪ ಹೆಚ್ಚಿದ ಕಟ್ಟಿಗೆ ಉದ್ದನೆಯ ಯು-ಬೋಲ್ಟ್ ಬೇಕು. ಒಮ್ಮೆ ಬಿಗಿದು ಎಳೆದ ಯು-ಬೋಲ್ಟನ್ನು ಮತ್ತೆ ಹಾಕುವುದು ಕಾಸು ಉಳಿಸುವ ಜಾಗವಲ್ಲ. ಪಟ್ಟಿ ಹೆಚ್ಚಿದಂತೆ ಅವು ಒಂದಕ್ಕೊಂದು ಉಜ್ಜುವ ಘರ್ಷಣೆಯೂ ಹೆಚ್ಚಿ, ಖಾಲಿ ವಾಹನ ಸಣ್ಣ ಹಳ್ಳಕ್ಕೂ ಕುಲುಕುತ್ತದೆ. ಸಾಮಾನು ತುಂಬಿ ಊರೂರು ಸುತ್ತುವವನಿಗೆ ಇದು ಒಪ್ಪುತ್ತದೆ, ಒಬ್ಬನೇ ಓಡಾಡುವವನಿಗೆ ಒಪ್ಪುವುದಿಲ್ಲ.

ಎತ್ತರಿಸಿದ ಮೇಲಿನ ಪರಿಣಾಮಗಳು ಎಕ್ಸ್‌ಜೆಯಲ್ಲಿ ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ. ಟ್ರ್ಯಾಕ್ ಬಾರಿನ ಒಂದು ತುದಿ ಚೌಕಟ್ಟಿಗೆ, ಇನ್ನೊಂದು ಆಕ್ಸಲಿಗೆ ಬಿಗಿದಿರುತ್ತದೆ. ಚೌಕಟ್ಟು ಮೇಲೇರಿದರೆ ಬಾರ್ ಹೆಚ್ಚು ಓರೆಯಾಗುತ್ತದೆ, ಅದರ ಅಡ್ಡ ಅಳತೆ ಕುಗ್ಗುತ್ತದೆ, ಆಕ್ಸಲ್ ಚೌಕಟ್ಟಿನ ತುದಿಯಿರುವ ಪಕ್ಕಕ್ಕೆ ಎಳೆಯಲ್ಪಡುತ್ತದೆ. ಅಮೆರಿಕದ ವಾಹನದಲ್ಲಿ ಅದು ಚಾಲಕನ ಪಕ್ಕ. ಎರಡು ಇಂಚಿನವರೆಗೆ ಈ ಸರಿತ ಕೆಲವೇ ಮಿ.ಮೀ. ಇರುವುದರಿಂದ ಹಲವರು ಹಾಗೆಯೇ ಬಿಡುತ್ತಾರೆ. ಮುಂದಿನ ತೋಳುಗಳ ಉದ್ದ ಬದಲಾಗದೆ ಆಕ್ಸಲ್ ಕೆಳಗಿಳಿದಾಗ ಅದು ಸ್ವಲ್ಪ ತಿರುಗಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಂದಿ, ಹೆದ್ದಾರಿಯಲ್ಲಿ ವಾಹನ ಅಲೆದಾಡಿದಂತಾಗುತ್ತದೆ. ಇದನ್ನು ಕೆಳತೋಳಿನ ಬುಡದಲ್ಲಿ ಶಿಮ್ ಇಟ್ಟು ತಿದ್ದುವ ಅವಕಾಶವನ್ನು ಕಾರ್ಖಾನೆಯೇ ಇಟ್ಟಿದೆ.

ಮುಂದಿನ ಇಡೀ ಆಕ್ಸಲ್ ಒಂದು ವೇಗದಲ್ಲಿ ಥಟ್ಟನೆ ಎಡಬಲಕ್ಕೆ ಬಡಿದಾಡತೊಡಗುವ ಡೆತ್ ವಾಬಲ್ ಎಂಬ ಕುಖ್ಯಾತ ತೊಂದರೆಯನ್ನು ಜನ ಎತ್ತರಿಸಿದ್ದರ ಮೇಲೆ ಹೊರಿಸುತ್ತಾರೆ. ನಿಜದಲ್ಲಿ ಅದರ ಮೂಲ ಹೆಚ್ಚಾಗಿ ಸವೆದ ಟ್ರ್ಯಾಕ್ ಬಾರ್ ತುದಿ, ಸಡಿಲ ಬುಷ್, ಸಮತೋಲ ತಪ್ಪಿದ ಟೈರುಗಳಲ್ಲಿರುತ್ತದೆ. ಎತ್ತರ ಅದನ್ನು ಬಯಲಿಗೆಳೆಯುತ್ತದೆ. ಸ್ಟೀರಿಂಗ್ ಡ್ಯಾಂಪರ್ ಹೊಸದು ಹಾಕಿ ನಡುಕ ನಿಂತಿತೆಂದುಕೊಳ್ಳುವುದು ರೋಗ ಬಿಟ್ಟು ನೋವಿಗೆ ಗುಳಿಗೆ ನುಂಗಿದಂತೆ. ಇಲ್ಲಿಯೂ ಗುಜರಿ ಉಪಯೋಗಕ್ಕೆ ಬರುತ್ತದೆ: ಎಂಟು ಸಿಲಿಂಡರಿನ ಜೆಡ್‌ಜೆಯ ಟೈ ರಾಡ್ ಎಕ್ಸ್‌ಜೆಯದರಂತೆ ಟೊಳ್ಳು ಕೊಳವೆಯಲ್ಲ, ಗಟ್ಟಿ ಸರಳು. ಅದು ನೇರವಾಗಿ ಕೂರುತ್ತದೆ.

ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎಕ್ಸ್‌ಜೆಯ ನಿಜವಾದ ಎಲ್ಲೆ. ಅದು ಟ್ರಾನ್ಸ್‌ಫರ್ ಕೇಸಿನ ಬಾಲದಲ್ಲಿ ಒಳಗೂ ಹೊರಗೂ ಜಾರುವ ಯೋಕ್ ಮೂಲಕ ಸೇರಿರುತ್ತದೆ. ಮೈ ಏರಿದಂತೆ ಯೋಕ್ ಹೊರಕ್ಕೆ ಜಾರುತ್ತದೆ, ಜಾಯಿಂಟಿನ ಕೋನ ಹೆಚ್ಚುತ್ತದೆ. ಒಂದೂವರೆ ಇಂಚಿಗೆ ಏನೂ ಆಗದ ವಾಹನ ಮೂರು ಇಂಚಿಗೆ ನಡುಗತೊಡಗುತ್ತದೆ. ಟ್ರಾನ್ಸ್‌ಫರ್ ಕೇಸನ್ನು ಹೊತ್ತ ಅಡ್ಡಪಟ್ಟಿಯನ್ನು ಸ್ಪೇಸರ್ ಇಟ್ಟು ಒಂದು ಇಂಚು ಕೆಳಗಿಳಿಸುವುದು ಅಗ್ಗದ ಪರಿಹಾರ. ಹೊಟ್ಟೆಯ ಕೆಳಗೆ ಜಾಗ ಬೇಕೆಂದು ಎತ್ತರಿಸಿ, ಆಮೇಲೆ ಹೊಟ್ಟೆಯನ್ನೇ ಇಳಿಸುವ ಈ ಉಪಾಯ ಯಾರಿಗೂ ಹೆಮ್ಮೆಯದಲ್ಲ. ಸರಿಯಾದ ಪರಿಹಾರವೆಂದರೆ ಜಾರುವ ಯೋಕ್ ತೆಗೆದು ಸ್ಥಿರವಾದ ಫ್ಲ್ಯಾಂಜ್ ಮತ್ತು ಜೋಡಿ ಜಾಯಿಂಟಿನ ಶಾಫ್ಟ್ ಹಾಕುವುದು. ಅಲ್ಲಿಗೆ ಕೆಲಸ ಕಂಪನಿ ಭಾಗಗಳ ಗಡಿ ದಾಟಿರುತ್ತದೆ.

ಟಾರ್ಷನ್ ಬಾರ್ ವಾಹನಗಳು

ಮಿತ್ಸುಬಿಷಿ ಪಜೆರೋದ ಮೊದಲ ಎರಡು ತಲೆಮಾರುಗಳು, ಇಸುಜು ಟ್ರೂಪರ್, ಟೊಯೋಟಾ ಲ್ಯಾಂಡ್ ಕ್ರೂಸರ್ 100, ನಮ್ಮ ದೇಶದ ಮೊದಲ ಟಾಟಾ ಸಫಾರಿ, ಇವುಗಳ ಮುಂಭಾಗದಲ್ಲಿ ಕಾಯಿಲ್ ಬದಲು ಉದ್ದನೆಯ ಉಕ್ಕಿನ ಸರಳು ಇರುತ್ತದೆ. ಚಕ್ರ ಏರಿಳಿದಾಗ ಸರಳು ತಿರುಚಿಕೊಳ್ಳುತ್ತದೆ, ತಿರುಚನ್ನು ವಿರೋಧಿಸುವ ಗುಣವೇ ಸ್ಪ್ರಿಂಗ್. ಸರಳಿನ ಹಿಂತುದಿಯಲ್ಲಿ ಹೊಂದಾಣಿಕೆಯ ಬೋಲ್ಟ್ ಇರುತ್ತದೆ. ಹಳೆಯದಾಗಿ ಕುಸಿದ ಮುಂಭಾಗವನ್ನು ಮೂಲ ಮಟ್ಟಕ್ಕೆ ತರಲೆಂದು ಕೊಟ್ಟ ಬೋಲ್ಟ್ ಅದು. ಇನ್ನಷ್ಟು ಬಿಗಿದರೆ ಮೈ ಇನ್ನಷ್ಟು ಏರುತ್ತದೆ. ಒಂದು ಪೈಸೆಯ ಬಿಡಿಭಾಗವೂ ಬೇಡದ ಎತ್ತರ ಇದು, ದುರುಪಯೋಗವೂ ಅಷ್ಟೇ ಸುಲಭ.

ಬೋಲ್ಟ್ ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಸರಳಿನ ಗಡಸು ಅದರ ದಪ್ಪ, ಉದ್ದ ಮತ್ತು ಉಕ್ಕಿನ ಮೇಲೆ ನಿಂತಿದೆ. ಬೋಲ್ಟ್ ಬದಲಿಸುವುದು ತೋಳು ನಿಲ್ಲುವ ಕೋನವನ್ನು ಮಾತ್ರ. ಆದರೂ ಸವಾರಿ ಒರಟಾಗುವುದು ನಿಜ, ಕಾರಣ ಬೇರೆ. ಚಕ್ರ ಮೇಲಕ್ಕೂ ಕೆಳಕ್ಕೂ ಆಡಬೇಕಾದ ಒಟ್ಟು ಜಾಗ ಮೊದಲಿನಷ್ಟೇ ಇದ್ದು, ಎತ್ತರಿಸಿದಾಗ ಕೆಳಕ್ಕೆ ಇಳಿಯುವ ಪಾಲು ತೀರುತ್ತದೆ. ಹಳ್ಳಕ್ಕೆ ಚಕ್ರ ಇಳಿಯಹೋದಾಗ ಮೇಲಿನ ತೋಳು ರಬ್ಬರ್ ತಡೆಗೆ ಬಡಿಯುತ್ತದೆ. ಮುಂದಿನ ಅರ್ಧ ಆಕ್ಸಲುಗಳ ಸಿ.ವಿ. ಜಾಯಿಂಟ್ ಕೋನ ಹೆಚ್ಚಿ ರಬ್ಬರ್ ಬೂಟುಗಳು ಬೇಗ ಹರಿಯುತ್ತವೆ. ಹಾಗಾಗಿ ಅನುಭವಸ್ಥರು ಇಂಥ ವಾಹನಗಳಲ್ಲಿ ಒಂದರಿಂದ ಒಂದೂವರೆ ಇಂಚಿಗೆ ನಿಲ್ಲಿಸುತ್ತಾರೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಂದು ಅಂಚು ಸವೆದುಹೋಗುತ್ತದೆ.

ಟೊಯೋಟಾ ಮತ್ತು ಲ್ಯಾಂಡ್ ರೋವರ್

1996ರಿಂದ 2002ರ ಫೋರ್‌ರನ್ನರ್‌ಗೆ ಮುಂದೆ ಶಾಕ್ ಅಬ್ಸಾರ್ಬರಿನ ಸುತ್ತಲೇ ಕಾಯಿಲ್ ಇದೆ, ಹಿಂದೆ ಇಡೀ ಆಕ್ಸಲ್ ಮತ್ತು ಕಾಯಿಲ್. ಇದರ ಮುಂಭಾಗಕ್ಕೆ ಮೊದಲ ತಲೆಮಾರಿನ ಟಂಡ್ರಾ ಪಿಕಪ್ಪಿನ ಕಾಯಿಲ್ ಜೋಡಣೆ ಹಾಕುವುದು ಅಮೆರಿಕದಲ್ಲಿ ಹೆಸರಾದ ವಿಧಾನ. ಸಿಗುವ ಎತ್ತರ ಎರಡು ಇಂಚಿನ ಸುತ್ತ. ಟಂಡ್ರಾ ದೊಡ್ಡ ವಾಹನ, ಅದರ ಒಡೆಯರು ಹೊಸದರಲ್ಲೇ ಕಾರ್ಖಾನೆಯ ಸ್ಪ್ರಿಂಗ್ ತೆಗೆದು ಮಾರುಕಟ್ಟೆಯದನ್ನು ಹಾಕಿಕೊಳ್ಳುವುದರಿಂದ ಹೆಚ್ಚು ಓಡದ ಭಾಗಗಳು ಅಗ್ಗಕ್ಕೆ ಸಿಗುತ್ತಿದ್ದವು. ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಕೊಂಡವರು ಬಿಚ್ಚಿ ಮಾರಿದ ಸ್ಪ್ರಿಂಗುಗಳ ವ್ಯಾಪಾರವೂ ಇದೇ ಬಗೆಯದು. ಫೋರ್‌ರನ್ನರ್‌ನಲ್ಲಿ ಎತ್ತರಿಸುವ ಮೊದಲು ಕೆಳಗಿನ ಬಾಲ್ ಜಾಯಿಂಟನ್ನು ಪರೀಕ್ಷಿಸಬೇಕು, ಅದು ಈ ವಾಹನದ ಗೊತ್ತಿರುವ ದುರ್ಬಲ ಜಾಗ. ಅದು ಕಳಚಿದರೆ ಚಕ್ರ ಮಡಚಿ ಬೀಳುತ್ತದೆ.

ಲ್ಯಾಂಡ್ ರೋವರ್ ಕುಟುಂಬದಲ್ಲಿ ಕೆಲಸ ಇನ್ನೂ ಸರಳ. 1970ರ ರೇಂಜ್ ರೋವರ್, 1983ರ ಒನ್ ಟೆನ್ (ಮುಂದೆ ಡಿಫೆಂಡರ್ ಎಂದಾದದ್ದು), 1989ರ ಡಿಸ್ಕವರಿ ಎಲ್ಲವೂ ಒಂದೇ ಬಗೆಯ ಕಾಯಿಲ್ ವ್ಯವಸ್ಥೆಯವು. ಡಿಫೆಂಡರಿನ ಭಾರದ ಸ್ಪ್ರಿಂಗುಗಳು ಡಿಸ್ಕವರಿಗೆ ಹೋಗುತ್ತವೆ. ಸ್ಪ್ರಿಂಗಿನ ಮೇಲೆ ಬಳಿದ ಬಣ್ಣದ ಪಟ್ಟೆಗಳಿಂದ ಅದು ಯಾವ ದರ್ಜೆಯದೆಂದು ತಿಳಿಯುತ್ತದೆ. ಕೆಲವು ಮಾದರಿಗಳಲ್ಲಿ ಚಾಲಕನ ಪಕ್ಕಕ್ಕೂ ಪ್ರಯಾಣಿಕನ ಪಕ್ಕಕ್ಕೂ ಬೇರೆ ಸ್ಪ್ರಿಂಗ್ ಇರುವುದರಿಂದ ಒಂದೇ ಬಣ್ಣದ ಎರಡು ಸಿಕ್ಕವೆಂದು ಹಾಕಿದರೆ ವಾಹನ ಒಂದು ಕಡೆಗೆ ವಾಲಿ ನಿಲ್ಲುವುದುಂಟು.

ಸುಜುಕಿ: ಪಟ್ಟಿ ಮೇಲೆ, ಆಕ್ಸಲ್ ಕೆಳಗೆ

ಸಮುರಾಯ್ ಮತ್ತು ಅದರ ಭಾರತೀಯ ರೂಪವಾದ ಮಾರುತಿ ಜಿಪ್ಸಿಗಳಲ್ಲಿ ನಾಲ್ಕೂ ಕಡೆ ಕಮಾನು ಪಟ್ಟಿ. ಪಟ್ಟಿ ಆಕ್ಸಲಿನ ಕೆಳಗೆ ತೂಗುತ್ತದೆ. ಈ ಕ್ರಮವನ್ನು ತಿರುಗಿಸಿ ಪಟ್ಟಿಯನ್ನು ಆಕ್ಸಲಿನ ಮೇಲೆ ಕೂರಿಸಿದರೆ, ಆಕ್ಸಲ್ ಕೊಳವೆಯ ದಪ್ಪವೂ ಪಟ್ಟಿಯ ಕಟ್ಟಿನ ದಪ್ಪವೂ ಸೇರಿ ಸುಮಾರು 5 ಇಂಚು ಒಮ್ಮೆಲೇ ಸಿಗುತ್ತದೆ. ಸ್ಪ್ರಿಂಗು ಅದೇ, ಆಕ್ಸಲೂ ಅದೇ. ಹೊಸದಾಗಿ ಬೆಸೆಯಬೇಕಾದದ್ದು ಪಟ್ಟಿ ಕೂರುವ ಪೀಠಗಳನ್ನು ಮಾತ್ರ. ಮೇಲ್ನೋಟಕ್ಕೆ ಇಷ್ಟು ಅಗ್ಗದ್ದು ಬೇರೊಂದಿಲ್ಲ. ಆದರೆ ಇಲ್ಲಿ ಎತ್ತರ ಕಂಪನಿಯ ಲೆಕ್ಕದೊಳಗಿನದಲ್ಲ. ಸ್ಟೀರಿಂಗಿನ ಡ್ರ್ಯಾಗ್ ಲಿಂಕ್ ಕಡಿದಾದ ಓರೆಗೆ ಬಂದು ಪ್ರತಿ ಹಳ್ಳಕ್ಕೂ ಸ್ಟೀರಿಂಗ್ ತಾನೇ ಎಳೆಯುತ್ತದೆ, ಬ್ರೇಕ್ ಹೋಸುಗಳು ಸಾಲುವುದಿಲ್ಲ, ಗಟ್ಟಿಯಾಗಿ ಎಕ್ಸಲರೇಟರ್ ಒತ್ತಿದಾಗ ಆಕ್ಸಲ್ ತಿರುಗಿ ಪಟ್ಟಿಯನ್ನು ಎಸ್ ಆಕಾರಕ್ಕೆ ತಿರುಚುತ್ತದೆ. ಪೀಠದ ಬೆಸುಗೆ ಬಿಟ್ಟರೆ ಆಗುವುದನ್ನು ಹೇಳಬೇಕಾಗಿಲ್ಲ.

ಎತ್ತರ ಹೆಚ್ಚಿದಷ್ಟೂ ವಾಹನ ಪಲ್ಟಿಯಾಗುವ ಭಯ ಹೆಚ್ಚು. ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಸ್ಥಿರತೆಯ ಒಂದು ಒರಟು ಅಳತೆ ಸಿಗುತ್ತದೆ. ಅಮೆರಿಕದ ರಸ್ತೆ ಸುರಕ್ಷಾ ಸಂಸ್ಥೆ 2001ರಿಂದ ವಾಹನಗಳ ಪಲ್ಟಿ ಅಪಾಯವನ್ನು ಅಳೆಯಲು ಇದನ್ನು ಬಳಸತೊಡಗಿತು. ಅಗಲ 1,470 ಮಿ.ಮೀ., ಗುರುತ್ವ ಕೇಂದ್ರ 660 ಮಿ.ಮೀ. ಎಂದಿಟ್ಟುಕೊಂಡರೆ ಅಳತೆ 1.11. ಗುರುತ್ವ ಕೇಂದ್ರ 50 ಮಿ.ಮೀ. ಏರಿದರೆ 1.04. ಸಮುರಾಯ್ ವಿಷಯದಲ್ಲಿ ಇದು ನ್ಯಾಯಾಲಯದವರೆಗೂ ಹೋಯಿತು. ಗ್ರಾಹಕರ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ 1988ರಲ್ಲಿ ಅದು ಸುಲಭವಾಗಿ ಪಲ್ಟಿಯಾಗುತ್ತದೆಂದು ಹೇಳಿ ಒಪ್ಪತಕ್ಕದ್ದಲ್ಲ ಎಂಬ ದರ್ಜೆ ಕೊಟ್ಟಿತು. ಪರೀಕ್ಷೆಯನ್ನೇ ಪ್ರಶ್ನಿಸಿ ಸುಜುಕಿ 1996ರಲ್ಲಿ ಹೂಡಿದ ಮೊಕದ್ದಮೆ 2004ರಲ್ಲಿ ರಾಜಿಯಲ್ಲಿ ಮುಗಿಯಿತು. ಯಾರ ವಾದ ಸರಿ ಎಂಬುದೇನೇ ಇರಲಿ, ಕಿರಿದಾದ ವಾಹನವನ್ನು 5 ಇಂಚು ಏರಿಸಿ ಚಕ್ರಗಳನ್ನು ಹೊರಕ್ಕೆ ಅಗಲಿಸದೆ ಬಿಡುವುದು ದುಡುಕೇ ಸರಿ.

ಕಣ್ಣಿಗೆ ಬೀಳದ ಭಾಗಗಳು

ಶಾಕ್ ಅಬ್ಸಾರ್ಬರಿನ ಉದ್ದವನ್ನು ಹಲವರು ಮರೆಯುತ್ತಾರೆ. ಉದ್ದನೆಯ ಸ್ಪ್ರಿಂಗಿಗೆ ಹಳೆಯ ಶಾಕ್ ಉಳಿಸಿಕೊಂಡರೆ ಚಕ್ರ ಇಳಿದಾಗಲೆಲ್ಲ ಆ ಶಾಕೇ ತಡೆಯಾಗಿ, ಒಳಗಿನ ಸರಳು ಕಿತ್ತುಬರುತ್ತದೆ. ಮತ್ತೂ ಮರೆಯುವ ಭಾಗ ಹಿಂದಿನ ಬ್ರೇಕಿನ ಭಾರ ಗ್ರಹಿಸುವ ವಾಲ್ವ್. ಪಜೆರೋ ಮತ್ತು ಟೊಯೋಟಾಗಳಲ್ಲಿ ಇದು ಚಾಸಿಯ ಮೇಲಿದ್ದು, ಒಂದು ಸರಳಿನ ಮೂಲಕ ಆಕ್ಸಲಿಗೆ ಸೇರಿರುತ್ತದೆ. ಚಾಸಿಗೂ ಆಕ್ಸಲಿಗೂ ಅಂತರ ಹೆಚ್ಚಿದರೆ ವಾಹನ ಖಾಲಿಯಿದೆ ಎಂದು ಅದು ತಿಳಿಯುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುತ್ತದೆ. ಎತ್ತರಿಸಿದ ವಾಹನದಲ್ಲಿ ಈ ಸರಳನ್ನು ಹೊಂದಿಸದಿದ್ದರೆ ಡಿಕ್ಕಿ ತುಂಬ ಸಾಮಾನಿದ್ದರೂ ಹಿಂದಿನ ಬ್ರೇಕ್ ಅರೆಮನಸ್ಸಿನಲ್ಲಿ ಹಿಡಿಯುತ್ತದೆ. ಹೆಡ್‌ಲೈಟಿನ ಬೆಳಕನ್ನೂ ತಗ್ಗಿಸಬೇಕು, ಎದುರಿನವರ ಕಣ್ಣಿಗೆ ಹೊಡೆಯಬಾರದು.

ಗುಜರಿಯಿಂದ ತಂದ ಸ್ಪ್ರಿಂಗನ್ನು ಜೋಡಿಯಾಗಿಯೇ, ಒಂದೇ ವಾಹನದಿಂದಲೇ ತರಬೇಕು. ತುಕ್ಕಿನ ಗುಳಿ ಬಿದ್ದ ಕಾಯಿಲ್ ಅಲ್ಲಿಂದಲೇ ಮುರಿಯುತ್ತದೆ. ಬುಷ್‌ಗಳನ್ನು ಹೊಸದಾಗಿ ಹಾಕಿ, ಅವುಗಳ ಬೋಲ್ಟನ್ನು ವಾಹನ ತನ್ನ ಚಕ್ರಗಳ ಮೇಲೆ ನಿಂತ ಮೇಲೆಯೇ ಕೊನೆಯ ಬಾರಿ ಬಿಗಿಯಬೇಕು. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಭಾರತದಲ್ಲಿ

ಕರ್ನಾಟಕದ ಮಲೆನಾಡಿನಲ್ಲಿ ಕಮಾನು ಪಟ್ಟಿ ಸೇರಿಸುವ ಕೆಲಸ ಹೊಸದಲ್ಲ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಜೀಪುಗಳಿಗೆ ಲಾರಿಯ ಕಮಾನು ಕೆಲಸದವರು ಹೆಚ್ಚುವರಿ ಪಟ್ಟಿ ಕಟ್ಟುತ್ತಾರೆ. ಅಲ್ಲಿ ಗುರಿ ಎತ್ತರವಲ್ಲ, ಕಾಫಿ ಮೂಟೆ ಮತ್ತು ಆಳುಗಳ ಭಾರ. ಖಾಲಿ ಜೀಪು ಎತ್ತರವಾಗಿ ಕಾಣುವುದು ಅದರ ಅಡ್ಡ ಪರಿಣಾಮ. 1985ರಲ್ಲಿ ಬಂದ ಜಿಪ್ಸಿ, 1998ರ ಸಫಾರಿ, ಹಿಂದೂಸ್ತಾನ್ ಮೋಟರ್ಸ್ ಜೋಡಿಸಿ ಮಾರಿದ ಪಜೆರೋ ಇಲ್ಲಿನ ಹವ್ಯಾಸಿಗಳು ಎತ್ತರಿಸಲು ಆರಿಸಿಕೊಳ್ಳುವ ಹಳೆಯ ವಾಹನಗಳಲ್ಲಿ ಮುಖ್ಯವಾದವು.

ಕಾನೂನು ಬಿಗಿಯಾಗಿದೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಂ ನೋಂದಣಿಯ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಬಿಡಿಭಾಗ ಅದೇ ಕಂಪನಿಯದು ಎಂಬ ಸಮರ್ಥನೆ ಇಲ್ಲಿ ದೂರ ಹೋಗುವುದಿಲ್ಲ. ಕಾಯ್ದೆ ನೋಡುವುದು ಭಾಗದ ಮೇಲಿನ ಮುದ್ರೆಯನ್ನಲ್ಲ, ಆ ಮಾದರಿಗೆ ಒಪ್ಪಿಗೆ ಪಡೆದ ನಿರ್ದಿಷ್ಟತೆಯನ್ನು. ಅದೇ ಮಾದರಿಯ ಹೊಸ ಸ್ಪ್ರಿಂಗ್ ಹಾಕಿ ಕುಸಿದ ಎತ್ತರವನ್ನು ಮರಳಿ ಪಡೆಯುವುದು ದುರಸ್ತಿ. ಬೇರೆ ಮಾದರಿಯದನ್ನು ಹಾಕಿ ಅದಕ್ಕಿಂತ ಮೇಲೇರಿಸುವುದು ಮಾರ್ಪಾಡಿನ ಪ್ರಶ್ನೆಯನ್ನು ಎಬ್ಬಿಸುತ್ತದೆ. 2019ರ ತಿದ್ದುಪಡಿಯಲ್ಲಿ ಬದಲಾದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಒಡೆಯನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ವಿಧಿಸಬಹುದು.